ಥಾರ್‌ಗೆ ಹೆಚ್ಚುವರಿ ದೀಪ: ಜಾಗ ಗೊತ್ತು ಮಾಡಿದ ಬಗೆ

ಸಕಲೇಶಪುರದ ಕಡೆ ಮಳೆಗಾಲದಲ್ಲಿ ತೋಟದ ರಸ್ತೆಗಳಲ್ಲಿ ರಾತ್ರಿ ಓಡಾಡುವವರಿಗೆ ಹೆಡ್‌ಲೈಟ್ ತೋರಿಸದೆ ಬಿಡುವುದು ಮೂರು. ಮಂಜು ಇಳಿದಾಗ ರಸ್ತೆಯ ಅಂಚು ಕಾಣುವುದಿಲ್ಲ. ಮಂಜಿಲ್ಲದ ದಿನವೂ ಕೊರಕಲು ಎಷ್ಟು ಆಳ ಎಂಬುದು ತಿಳಿಯುವುದಿಲ್ಲ. ಮೂರನೆಯದು ತಿರುವಿನ ಒಳಮಗ್ಗುಲು: ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಬಾನೆಟ್ ಇನ್ನೂ ನೇರಕ್ಕೆ ನೋಡುತ್ತಿರುತ್ತದೆ, ಚಕ್ರ ಹೋಗಲಿರುವ ಜಾಗ ಕತ್ತಲಲ್ಲೇ ಇರುತ್ತದೆ. ಅಂಗಡಿಗೆ ಹೋಗಿ ದೀಪ ಆಯ್ಕೆ ಮಾಡುವ ಮೊದಲು ಈ ಪಟ್ಟಿ ಕೈಯಲ್ಲಿರಬೇಕು. ಎಷ್ಟು ವ್ಯಾಟ್, ಎಷ್ಟು ಇಂಚಿನ ಬಾರ್ (ಉದ್ದನೆಯ ಪಟ್ಟಿಯಂಥ ದೀಪ) ಎಂಬ ಪ್ರಶ್ನೆ ಆಮೇಲಿನದು. ಒಂದೇ ದೀಪವನ್ನು ಬಂಪರ್ ಮೇಲೆ ಇಟ್ಟರೆ ಒಂದು ಕೆಲಸ ಮಾಡುತ್ತದೆ, ಛಾವಣಿ ಮೇಲೆ ಇಟ್ಟರೆ ಇನ್ನೊಂದು. ಕೆಲವೊಮ್ಮೆ ಇರುವ ನೋಟವನ್ನೂ ಕೆಡಿಸುತ್ತದೆ.

ಗಾಡಿ 2020ರ ನಂತರದ, ಮೂರು ಬಾಗಿಲಿನ ಮಹೀಂದ್ರಾ ಥಾರ್. ಮುಂಭಾಗದ ಅಪ್ರೋಚ್ ಕೋನ (ಬಂಪರ್ ತಾಗದೆ ಏರಬಹುದಾದ ದಿಣ್ಣೆಯ ಓರೆ) 41.8 ಡಿಗ್ರಿ, ನೀರು ದಾಟಬಹುದಾದ ಆಳ 650 ಮಿ.ಮೀ. ದೀಪದ ಜಾಗಕ್ಕೂ ಈ ಅಂಕಿಗಳಿಗೂ ನೇರ ಸಂಬಂಧವಿದೆ. ಬಂಪರಿನ ಕೆಳಗೆ ನೇತುಹಾಕಿದ ದೀಪ ಆ 41.8 ಡಿಗ್ರಿಯನ್ನು ತಿನ್ನುತ್ತದೆ. ಹಳ್ಳ ದಾಟುವಾಗ ಬಂಪರ್ ಎತ್ತರದ ದೀಪ ಪೂರ್ತಿ ಮುಳುಗುತ್ತದೆ.

ಇವುಗಳ ಜೊತೆ ಇನ್ನೂ ಎರಡು ಅಳತೆ ನಾವೇ ತೆಗೆದುಕೊಳ್ಳಬೇಕು. ಡ್ರೈವರ್ ಸೀಟಿನಲ್ಲಿ ಎಂದಿನಂತೆ ಕೂತು, ಹೊರಗೆ ನಿಂತವರಿಂದ ಕಣ್ಣಿನ ಎತ್ತರ ಅಳೆಸಿದಾಗ ನೆಲದಿಂದ ಸುಮಾರು 1.6 ಮೀಟರ್ ಬಂತು. ಬಂಪರಿನ ತುದಿಯಿಂದ ಕಣ್ಣು ಸುಮಾರು 2 ಮೀಟರ್ ಹಿಂದೆ. ಕೂರುವವರ ಎತ್ತರ, ಟೈರ್ ಅಳತೆ ಬದಲಾದರೆ ಇದೂ ಬದಲಾಗುತ್ತದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಕಣ್ಣಿಗೂ ದೀಪಕ್ಕೂ ಇರುವ ಈ ಅಂತರದ ಮೇಲೆ.

ಮೊದಲು ಕೊರಕಲಿನ ವಿಷಯ. ರಾತ್ರಿ ನೆಲದ ಏರಿಳಿತ ಕಣ್ಣಿಗೆ ತಿಳಿಯುವುದು ನೆರಳಿನಿಂದ. ಬಂಪರಿನಿಂದ 10 ಮೀಟರ್ ಮುಂದೆ 15 ಸೆಂ.ಮೀ. ಎತ್ತರದ ಕಲ್ಲೊಂದು ಇದೆ ಎಂದುಕೊಳ್ಳಿ. ದೀಪ 60 ಸೆಂ.ಮೀ. ಎತ್ತರದಲ್ಲಿ ಬಂಪರಿನಲ್ಲಿದ್ದರೆ ಕಲ್ಲಿನ ಹಿಂದೆ 3.3 ಮೀಟರ್ ಉದ್ದದ ನೆರಳು ಬೀಳುತ್ತದೆ. 1.6 ಮೀಟರ್ ಎತ್ತರದ ಕಣ್ಣಿಗೆ ಕಲ್ಲು ಮರೆಮಾಡುವುದು ಅದರ ಹಿಂದಿನ ಸುಮಾರು 1.2 ಮೀಟರ್ ನೆಲವನ್ನು ಮಾತ್ರ. ಉಳಿದ 2 ಮೀಟರಿಗೂ ಹೆಚ್ಚಿನ ಕಪ್ಪು ನೆರಳು ಎದ್ದು ಕಾಣುತ್ತದೆ, ಕಲ್ಲಿದೆ ಎಂದು ಕಣ್ಣು ತಕ್ಷಣ ಹಿಡಿಯುತ್ತದೆ. ಅದೇ ದೀಪವನ್ನು ವಿಂಡ್‌ಶೀಲ್ಡ್ ಮೇಲೆ 1.9 ಮೀಟರ್ ಎತ್ತರದಲ್ಲಿ ಇಟ್ಟರೆ ನೆರಳು ಸುಮಾರು 1 ಮೀಟರಿಗೆ ಕುಗ್ಗುತ್ತದೆ, ಆ ಒಂದು ಮೀಟರೂ ಕಲ್ಲಿನ ಮರೆಯಲ್ಲೇ ಅಡಗುತ್ತದೆ. ಕಣ್ಣಿಗೆ ನೆರಳೇ ಕಾಣುವುದಿಲ್ಲ. ರಸ್ತೆ ಹಗಲಿನಂತೆ ಬೆಳಗಿದೆ ಎನಿಸುತ್ತದೆ, ಆದರೆ ನೆಲವೆಲ್ಲ ಒಂದೇ ಮಟ್ಟ. ಛಾವಣಿ ಬಾರ್ ಹಾಕಿಸಿಕೊಂಡವರು 'ಬೆಳಕು ಜೋರು, ಆದರೂ ಗುಂಡಿಗೆ ಬೀಳ್ತೀವಿ' ಎನ್ನುವುದರ ಕಾರಣ ಇದು. ದೀಪ ಕಣ್ಣಿನ ಹತ್ತಿರ ಬಂದಷ್ಟೂ ನೆಲದ ಆಳ ಅಳಿಸಿಹೋಗುತ್ತದೆ.

ಮಂಜಿನ ಲೆಕ್ಕವೂ ಇದೇ ಅಂತರದ್ದು. ಮಂಜಿನಲ್ಲಿ ನಮ್ಮನ್ನು ಕುರುಡು ಮಾಡುವುದು ದೂರದ ಕತ್ತಲಲ್ಲ, ಹತ್ತಿರದ ಬಿಳುಪು. ಕಣ್ಣಿನಿಂದ ರಸ್ತೆಗೆ ಹೋಗುವ ನೋಟದ ಗೆರೆಯ ಉದ್ದಕ್ಕೂ ಎಷ್ಟು ಮಂಜು ಬೆಳಗುತ್ತದೋ ಅಷ್ಟು ಬೆಳಕು ಕಣ್ಣಿಗೆ ವಾಪಸ್ ಬರುತ್ತದೆ. ಛಾವಣಿ ದೀಪ ಕಣ್ಣಿನ ನೆತ್ತಿಯ ಮೇಲೇ ಇರುವುದರಿಂದ ಬಾನೆಟ್ ದಾಟುವ ಮೊದಲೇ ನೋಟದ ಗೆರೆಯನ್ನು ಬೆಳಗಿಸಿಬಿಡುತ್ತದೆ. ಬದಲಿಗೆ 60 ಸೆಂ.ಮೀ. ಎತ್ತರದ, ಮೇಲಂಚು ಚೂಪಾಗಿ ಕತ್ತರಿಸಿದಂತಿರುವ ಫಾಗ್ ಲ್ಯಾಂಪನ್ನು ಶೇ. 2ರಷ್ಟು (10 ಮೀಟರಿಗೆ 20 ಸೆಂ.ಮೀ.) ಕೆಳಗೆ ಬಾಗಿಸಿದರೆ, 20 ಮೀಟರ್ ದೂರದ ರಸ್ತೆಯನ್ನು ನೋಡುವಾಗ ಬಂಪರ್ ಮುಂದಿನ ಮೊದಲ 16 ಮೀಟರ್ ನೋಟ ಬೆಳಕಿಲ್ಲದ ಮಂಜಿನೊಳಗೆ ಸಾಗುತ್ತದೆ. ಬೆಳಗಿದ ಮಂಜು ಕೊನೆಯ 4 ಮೀಟರಿನಲ್ಲಿ ಮಾತ್ರ ಸಿಗುತ್ತದೆ. ಯುರೋಪಿನಲ್ಲಿ ವಾಹನ ದೀಪಗಳಿಗಿರುವ ಆರ್48 ನಿಯಮ ಕಾರುಗಳ ಮುಂದಿನ ಫಾಗ್ ಲ್ಯಾಂಪನ್ನು ನೆಲದಿಂದ 250 ಮಿ.ಮೀ.ಗೂ 800 ಮಿ.ಮೀ.ಗೂ ನಡುವೆಯೇ ಇಡಬೇಕು ಎನ್ನುವುದರ ಹಿಂದಿರುವ ತರ್ಕವೂ ಇದೇ.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಹಾಗಾಗಿ ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತದೆ. ಹಳದಿಯಿಂದ ಬರುವ ಲಾಭ ಬೇರೆ: ನೀಲಿ ಹೆಚ್ಚಿರುವ ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅದನ್ನು ಸೋಸಿದರೆ ಕಣ್ಣಿಗೆ ಆಯಾಸ ಕಡಿಮೆ. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನದು ನಮಗೆ ಒಗ್ಗಿತು. ಆದರೆ ತಪ್ಪು ಜಾಗದಲ್ಲಿಟ್ಟ ಹಳದಿ ದೀಪಕ್ಕಿಂತ ಸರಿಯಾದ ಜಾಗದ ಬಿಳಿ ದೀಪ ಯಾವತ್ತೂ ಮೇಲು.

ಕಾಗದದ ಮೇಲಿನ ಲೆಕ್ಕ ಇಷ್ಟಾದ ಮೇಲೆ, ಒಂದು ರಂಧ್ರವನ್ನೂ ಕೊರೆಯದೆ ಎಲ್ಲ ಜಾಗವನ್ನೂ ಗಾಡಿಯ ಮೇಲೇ ಪರೀಕ್ಷಿಸಿದೆವು. ಇದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಎರಡು ಇಂಚು ಅಗಲದ ಗಟ್ಟಿ ಮರದ ಪಟ್ಟಿ, ಎರಡು ಜಿ-ಕ್ಲ್ಯಾಂಪ್, ಸರಕು ಬಿಗಿಯುವ ಒಂದು ರಾಚೆಟ್ ಬೆಲ್ಟ್, ರಬ್ಬರ್ ಹೊದಿಕೆಯ ಎರಡು ಮ್ಯಾಗ್ನೆಟ್ ಬೇಸ್, ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ ಇರುವ, ನಡುವೆ 15 ಆಂಪಿಯರ್ ಫ್ಯೂಸ್ ಇರುವ 5 ಮೀಟರ್ ವೈರ್. ಪಟ್ಟಿಗೆ ದೀಪ ಬಿಗಿದು ಅದನ್ನು ಬಂಪರ್ ಮುಂದೆ ಕ್ಲ್ಯಾಂಪ್ ಮಾಡಬಹುದು. ಕೆಳಗೆ ಮಡಿಸಿದ ಗೋಣಿಚೀಲ ಹಾಕಿ ಬೆಲ್ಟಿನಿಂದ ಛಾವಣಿಗೂ ಬಿಗಿಯಬಹುದು. ಫ್ಯೂಸ್ ಇಲ್ಲದ ವೈರ್ ಮಾತ್ರ ಪರೀಕ್ಷೆಗೂ ಬೇಡ. ಬಾನೆಟ್ ಅಂಚಿಗೆ ಸಿಕ್ಕಿ ವೈರ್ ಜಜ್ಜಿದರೆ ಬೆಂಕಿಗೆ ಅಷ್ಟು ಸಾಕು.

ರಸ್ತೆಯನ್ನೂ ಸಿದ್ಧ ಮಾಡಿಕೊಳ್ಳಬೇಕು. ತೋಟದೊಳಗಿನ ನೇರ ತುಂಡೊಂದರಲ್ಲಿ ಪ್ರತಿ 10 ಮೀಟರಿಗೆ ಸುಣ್ಣದ ಗೆರೆ, 60 ಮೀಟರ್‌ವರೆಗೆ. ಅಲ್ಲಲ್ಲಿ 15 ಸೆಂ.ಮೀ. ಕಲ್ಲು. ಪಕ್ಕದ ತಿರುವಿನ ಒಳಮಗ್ಗುಲಿಗೆ, ಕಾಫಿ ಗಿಡದ ಬುಡದಲ್ಲಿ, ಹೊಟ್ಟು ತುಂಬಿದ ಒದ್ದೆ ಗೋಣಿಚೀಲ. ಒದ್ದೆಯಾದ ಗೋಣಿ ಬೆಳಕನ್ನು ಹೀರುತ್ತದೆ, ಕಾಡುಹಂದಿಯಂತೆ ಕಪ್ಪಗೆ ಕಾಣುತ್ತದೆ. ಬಿಳಿ ಚೀಲ ಇಟ್ಟರೆ ಯಾವ ದೀಪವೂ ಒಳ್ಳೆಯದೇ ಎನಿಸುತ್ತದೆ. ಗಾಡಿಯಲ್ಲಿ ಎಂದಿನ ಭಾರ ಇರಲಿ, ಟೈರ್ ಗಾಳಿ ಎಂದಿನಷ್ಟೇ ಇರಲಿ. ಕತ್ತಲಲ್ಲಿ ಕಾಲು ಗಂಟೆಯಾದರೂ ಕೂತು ಕಣ್ಣು ಹೊಂದಿಕೊಂಡ ಮೇಲೆ ಮಾತ್ರ ಗೆರೆ ಎಣಿಸಬೇಕು. ಫೋನಿನಲ್ಲಿ ಫೋಟೋ ತೆಗೆದು ಹೋಲಿಸುವುದು ದಂಡ. ಕ್ಯಾಮೆರಾ ಪ್ರತಿಸಲ ತಾನೇ ಬೆಳಕು ಸರಿಮಾಡಿಕೊಳ್ಳುವುದರಿಂದ ಎರಡು ಚಿತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ರಾತ್ರಿ ಒಣ ಹವೆ, ಒಂದು ರಾತ್ರಿ ಮಂಜು, ಒಂದು ರಾತ್ರಿ ಸೋನೆ ಮಳೆ: ಮೂರರಲ್ಲೂ ನೋಡದೆ ತೀರ್ಮಾನ ಬೇಡ.

ಒಣ ಹವೆಯ ರಾತ್ರಿ ಛಾವಣಿ ಬಾರ್ ಎಲ್ಲರನ್ನೂ ಮೋಡಿ ಮಾಡುತ್ತದೆ. 60 ಮೀಟರಿನ ಗೆರೆ, ಅದರಾಚೆಯ ಸಿಲ್ವರ್ ಓಕ್ ಮರಗಳ ತುದಿ ಎಲ್ಲ ಕಾಣುತ್ತದೆ. ಆದರೆ ಆಗಲೇ ಬಾನೆಟ್ ಹೊಳೆಯುತ್ತಿರುತ್ತದೆ. ಛಾವಣಿಯಿಂದ ಕೆಳಗೆ ಚೆಲ್ಲುವ ಬೆಳಕು ಬಾನೆಟ್ ಮೇಲೆ ಬಿದ್ದು ನೇರ ಕಣ್ಣಿಗೆ ಬರುತ್ತದೆ, ಪಾಪೆ ಕಿರಿದಾಗುತ್ತದೆ, ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಬಾರನ್ನು ಒಂದು ಅಂಗೈ ಹಿಂದಕ್ಕೆ ಸರಿಸಿದರೆ ಛಾವಣಿಯ ಅಂಚೇ ಕೆಳಗಿನ ಬೆಳಕನ್ನು ತಡೆಯುತ್ತದೆ. ಬಾನೆಟ್‌ಗೆ ಹೊಳಪಿಲ್ಲದ ಕಪ್ಪು ವಿನೈಲ್ ಅಂಟಿಸಿದರೂ ಕಡಿಮೆಯಾಗುತ್ತದೆ. ಸೋನೆ ಮಳೆಯಲ್ಲಿ ಈ ಎರಡು ಉಪಾಯವೂ ಸಾಲವು. ವಿಂಡ್‌ಶೀಲ್ಡಿನ ಪ್ರತಿ ಹನಿಯೂ ಮೇಲಿನಿಂದ ಬೆಳಕು ಹಿಡಿದು ಮಿನುಗುತ್ತದೆ. ಮಂಜಿನಲ್ಲಿ ಛಾವಣಿ ದೀಪ ಹಾಕಿದ ಕ್ಷಣ ಮುಂದೆ ಬಿಳಿ ಗೋಡೆ. ಆರಿಸಿದಾಗ ಕಾಣುತ್ತಿದ್ದ 10 ಮೀಟರಿನ ಗೆರೆಯೂ ಮಾಯ. ಬೇಸಿಗೆಯಲ್ಲಿ ಮುಂದಿನ ಗಾಡಿ ಎಬ್ಬಿಸುವ ಕೆಂಧೂಳೂ ಮಂಜಿನಷ್ಟೇ ಕೆಟ್ಟದು.

ಛಾವಣಿಗೆ ಇನ್ನೂ ತೊಡಕುಗಳಿವೆ. ತೋಟದ ರಸ್ತೆಗೆ ಬಾಗಿದ ನೆರಳುಮರದ ಕೊಂಬೆ ಮೊದಲು ಬಡಿಯುವುದು ಅದಕ್ಕೆ. ವೇಗ ಏರಿದಾಗ ಬಾರಿನ ಹಿಂಭಾಗದಲ್ಲಿ ಶಾಖ ಹೊರಹಾಕುವ ರೆಕ್ಕೆಗಳ ನಡುವೆ ಗಾಳಿ ಶಿಳ್ಳೆ ಹಾಕುತ್ತದೆ. ರೆಕ್ಕೆಗಳಿಗೆ ಅಡ್ಡಲಾಗಿ ಒಂದೆರಡು ಕಡೆ ರಬ್ಬರ್ ಪಟ್ಟಿ ಸಿಕ್ಕಿಸಿದರೆ ತಗ್ಗುತ್ತದೆ. ವೈರನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಅಡಿಯಿಂದ ತಂದರೆ ಮೊದಲ ಜಡಿಮಳೆಗೇ ಅದೇ ದಾರಿಯಲ್ಲಿ ನೀರು ಒಳಗೆ ಇಳಿಯುತ್ತದೆ. ಕಡಿಮೆ ಬೆಲೆಯ ಎಲ್‌ಇಡಿಗಳ ಒಳಗೆ ಕರೆಂಟ್ ನಿಯಂತ್ರಿಸುವ ಡ್ರೈವರ್ ಸರ್ಕ್ಯೂಟ್ ಎಫ್‌ಎಂ ರೇಡಿಯೋಗೆ ಗುಂಯ್ ಎನ್ನುವ ಸದ್ದು ತರುವುದೂ ಉಂಟು. ಆಂಟೆನಾದಿಂದ ದೂರ ಇಟ್ಟಷ್ಟು ಒಳ್ಳೆಯದು.

ಕಾನೂನನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದು ಜಾಗದ ಆಯ್ಕೆಯನ್ನೇ ಬದಲಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ಮುಂದಕ್ಕೆ ಬೀಳುವ ದೀಪ ತನ್ನಿಂದ 8 ಮೀಟರ್ ದೂರದಲ್ಲಿ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸಬಾರದು. 1.9 ಮೀಟರ್ ಎತ್ತರದ ಛಾವಣಿ ದೀಪ ಇದನ್ನು ಪಾಲಿಸಬೇಕಾದರೆ 8 ಮೀಟರಿಗೆ 40 ಸೆಂ.ಮೀ. ಕೆಳಗೆ ಬಾಗಬೇಕು, ಅಂದರೆ ಅದರ ಮೇಲಂಚು 38 ಮೀಟರಿಗೇ ನೆಲ ಮುಟ್ಟುತ್ತದೆ. ದೂರ ಕಾಣಲೆಂದು ಮೇಲೇರಿಸಿದ ದೀಪಕ್ಕೆ ಆಗ ಉಳಿಯುವ ಲಾಭವೇನು? 111ನೇ ನಿಯಮ ಪೂರ್ವಾನುಮತಿ ಇಲ್ಲದೆ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವುದನ್ನೇ ತಡೆಯುತ್ತದೆ. ದೀಪ ಕೂರಿಸಲೆಂದು ಬುಲ್ ಬಾರ್ ಹಾಕಿಸುವವರು ನೆನಪಿಡಬೇಕಾದದ್ದು: 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ರಾಜ್ಯಗಳಿಗೆ ಬರೆದಿದೆ. ಕರ್ನಾಟಕದಲ್ಲಿ 2024ರ ಜುಲೈನಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ಪೊಲೀಸರು ಪ್ರಕರಣ ಹಾಕುತ್ತಿದ್ದಾರೆ. ಘಾಟಿಯಲ್ಲಿ ಎದುರಿನಿಂದ ಬರುವ ಬಸ್ ಚಾಲಕ ಎರಡು ಸೆಕೆಂಡ್ ಕುರುಡಾದರೆ ಏನಾದೀತು ಎಂದು ಶಿರಾಡಿ, ಚಾರ್ಮಾಡಿಯಲ್ಲಿ ರಾತ್ರಿ ಓಡಿಸಿದವರಿಗೆ ಹೇಳಬೇಕಿಲ್ಲ. ಛಾವಣಿಯ ಆಸೆಯನ್ನು ನಾವು ಬಿಟ್ಟೆವು. ನಿಂತ ಗಾಡಿಯಲ್ಲಿ ಕೆಲಸ ಮಾಡಲು ಅಲ್ಲಿಗೆ ಮ್ಯಾಗ್ನೆಟ್ ದೀಪ ಸಾಕು.

ಬಂಪರಿಗೆ ಬಂದರೆ ಮೂರು ಜಾಗ ಸಿಗುತ್ತದೆ: ಗ್ರಿಲ್ ಮುಂದೆ, ನಂಬರ್ ಪ್ಲೇಟ್ ಸುತ್ತ, ಎರಡು ತುದಿ. ಗ್ರಿಲ್ ಮುಂದೆ 20 ಇಂಚಿನ ಬಾರ್ ನೋಡಲು ಚೆಂದ. ಆದರೆ ಅದರ ಹಿಂದೆ ಎಸಿ ಕಂಡೆನ್ಸರ್, ರೇಡಿಯೇಟರ್ ಇವೆ. ಏರಿನಲ್ಲಿ ಲೋ ರೇಂಜ್ (ನಿಧಾನದ, ಹೆಚ್ಚು ಬಲದ ಗೇರ್) ಹಾಕಿ ನಿಧಾನ ಹತ್ತುವಾಗ ಗಾಡಿಯ ಓಟದಿಂದ ಬರುವ ಗಾಳಿ ಇರುವುದೇ ಇಲ್ಲ, ಫ್ಯಾನ್ ಎಳೆದಷ್ಟೇ. ಅದಕ್ಕೂ ಅಡ್ಡ ನಿಂತರೆ ಶಾಖ ಏರುತ್ತದೆ. ಈ ಜಾಗವೇ ಬೇಕೆನ್ನುವವರು ಒಬಿಡಿ ರೀಡರ್ (ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಉಪಕರಣ) ಹಾಕಿ ಬಾರ್ ಇರುವಾಗ, ಇಲ್ಲದಿರುವಾಗ ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿ ಕೂಲೆಂಟ್ ಉಷ್ಣತೆ ಹೋಲಿಸಲಿ. ನಂಬರ್ ಪ್ಲೇಟಿನ ಬೋಲ್ಟ್‌ಗಳಿಗೆ ಸೇರುವ ಬ್ರಾಕೆಟ್‌ಗಳು ಅಗ್ಗ, ಹಾಕುವುದು ಸುಲಭ. ಆದರೆ ಪ್ಲೇಟಿನ ಒಂದು ಅಕ್ಷರ ಮರೆಯಾದರೂ ದಂಡಕ್ಕೆ ದಾರಿ. ಬ್ರಾಕೆಟ್ ನಿಂತಿರುವುದು ಪ್ಲಾಸ್ಟಿಕ್ ಮೇಲೆ, ಅದು ನಡುಗುತ್ತದೆ.

ನಡುಕವನ್ನು ಹಗುರವಾಗಿ ಎಣಿಸಬಾರದು. ದೀಪ ಒಂದೇ ಒಂದು ಡಿಗ್ರಿ ಅಲುಗಿದರೆ 100 ಮೀಟರ್ ದೂರದಲ್ಲಿ ಬೆಳಕು 1.75 ಮೀಟರ್ ಮೇಲೆ ಕೆಳಗೆ ಹಾರುತ್ತದೆ. ಕಣ್ಣು ಅದನ್ನು ಹಿಂಬಾಲಿಸಿ ಅರ್ಧ ಗಂಟೆಯಲ್ಲೇ ದಣಿಯುತ್ತದೆ. ದೀಪದ ಪೆಟ್ಟಿಗೆಯಲ್ಲಿ ಬರುವ ತೆಳು ತಗಡಿನ ಬ್ರಾಕೆಟ್ಟನ್ನು ಪಕ್ಕಕ್ಕಿಟ್ಟು, ವೆಲ್ಡಿಂಗ್ ಅಂಗಡಿಯಲ್ಲಿ 3 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಿಂದ ಎಲ್ ಆಕಾರದ್ದನ್ನು ಮಾಡಿಸಿ, ಒಳಮೂಲೆಗೆ ತ್ರಿಕೋನದ ತುಂಡೊಂದನ್ನು ಬೆಸೆಸಿದೆವು. ದೀಪದ ಕಾಲಿನಿಂದ ಬೋಲ್ಟಿನವರೆಗಿನ ಉದ್ದ 6 ಸೆಂ.ಮೀ. ಮೀರದಂತೆ ನೋಡಿಕೊಂಡದ್ದೇ ದೊಡ್ಡ ಲಾಭ. ಬ್ರಾಕೆಟ್ ಹಿಡಿದಿರುವುದು ಪ್ಲಾಸ್ಟಿಕ್ ಹಿಂದಿನ ಉಕ್ಕಿನ ಭಾಗಕ್ಕೆ, ಅಲ್ಲಿ ಮೊದಲೇ ಇದ್ದ ಬೋಲ್ಟ್‌ಗಳಿಗೆ. ಅಲ್ಲಿ ಹೊಸ ರಂಧ್ರ ಕೊರೆಯಬೇಡಿ. ಅಪಘಾತದಲ್ಲಿ ಏಟು ಹೀರಬೇಕಾದ ಭಾಗ ಅದು, ಹತ್ತಿರದಲ್ಲೇ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಎಂ8 ಬೋಲ್ಟ್, ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್, ಎರಡೂ ಕಡೆ ಅಗಲ ವಾಷರ್. ಸ್ಟೇನ್‌ಲೆಸ್ ಬೋಲ್ಟನ್ನು ದೀಪದ ಅಲ್ಯೂಮಿನಿಯಂ ಮೈಗೆ ನೇರ ಬಿಗಿದರೆ ಮಲೆನಾಡಿನ ಮಳೆಯಲ್ಲಿ ಎರಡು ಲೋಹದ ನಡುವೆ ತುಕ್ಕು ಹತ್ತಿ ಬಿಳಿ ಪುಡಿ ಏಳುತ್ತದೆ, ಆಮೇಲೆ ಬೋಲ್ಟ್ ಬಿಚ್ಚುವುದಿಲ್ಲ. ನಡುವೆ ನೈಲಾನ್ ವಾಷರ್, ಎಳೆಗೆ ಸ್ವಲ್ಪ ಗ್ರೀಸ್ ಹಾಕಿದರೆ ಆಯಿತು.

ಫಾಗ್ ಲ್ಯಾಂಪ್ ಜೋಡಿಗೆ ಸಿಕ್ಕ ಜಾಗ ಬಂಪರಿನ ಎರಡು ತುದಿ, ದೀಪದ ನಡುಮಧ್ಯ ನೆಲದಿಂದ 60 ಸೆಂ.ಮೀ. ಇನ್ನೂ ಕೆಳಗಿಟ್ಟಿದ್ದರೆ ಮಂಜಿಗೆ ಇನ್ನಷ್ಟು ಒಳ್ಳೆಯದಾಗುತ್ತಿತ್ತು, ಆದರೆ ಹಳ್ಳಕ್ಕಿಳಿಯುವಾಗ ದಿಣ್ಣೆಗೆ ಮೊದಲು ಬಡಿಯುವುದು ಅದೇ. ಟೈರಿನ ಮುಂದೆ ಉದ್ದದ ಸ್ಕೇಲೊಂದನ್ನು ನೆಲದಿಂದ ಬಂಪರಿನ ಅಡಿಗೆ ಓರೆಯಾಗಿ ಹಿಡಿದು, ಆ ಗೆರೆಯಿಂದ ದೀಪ ಹೊರಗೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ಅಪ್ರೋಚ್ ಕೋನ ಉಳಿಯುತ್ತದೆ. ತುದಿಗೆ ಇಡುವುದರಿಂದ ಇನ್ನೊಂದು ಅನುಕೂಲ: ಎಡ ಅಂಚಿನ ಚರಂಡಿ ಹತ್ತಿರದಿಂದಲೇ ಬೆಳಗುತ್ತದೆ. ಮಂಜಿನಲ್ಲಿ ನಾವು ಹಿಡಿದು ಸಾಗುವುದು ಆ ಅಂಚನ್ನೇ.

ಈ ಎತ್ತರದ ದೀಪ ಹಳ್ಳದಲ್ಲಿ ಮುಳುಗುತ್ತದೆ ಎಂದೆ. ದೀಪದ ಮೇಲೆ ಬರೆದಿರುವ ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ, ಆದರೆ ಆ ಪರೀಕ್ಷೆ ಬಿಸಿ ದೀಪವನ್ನು ತಣ್ಣೀರಿಗೆ ಇಳಿಸಿ ಮಾಡುವುದಲ್ಲ. ಒಂದು ಗಂಟೆ ಉರಿದ ದೀಪದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಹಳ್ಳದ ನೀರು ತಾಗಿದ ಕೂಡಲೇ ಅದು ಕುಗ್ಗಿ, ಒಳಗಿನ ಒತ್ತಡ ತಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮರುದಿನ ಗಾಜಿನೊಳಗೆ ಇಬ್ಬನಿ ಕಟ್ಟಿರುವುದು ಕಾಣುತ್ತದೆ. ಗಾಳಿ ಮಾತ್ರ ಬಿಟ್ಟು ನೀರನ್ನು ತಡೆಯುವ ಪೊರೆ ಇರುವ ವೆಂಟ್ ದೀಪದ ಬೆನ್ನಿನಲ್ಲಿದೆಯೇ ಎಂದು ನೋಡಿ ಖರೀದಿಸಬೇಕು. ಹಳ್ಳಕ್ಕಿಳಿಯುವ ಮೊದಲು ದೀಪ ಆರಿಸಿ ಐದು ನಿಮಿಷ ನಿಂತರೆ ಇನ್ನೂ ಕ್ಷೇಮ. ಕೆಸರಿನ ಸಮಸ್ಯೆಯೂ ಬಂಪರಿನದೇ. ಹ್ಯಾಲೋಜನ್ ಗಾಜು ಬಿಸಿಯಾಗಿ ಕೆಸರು ಒಣಗಿ ಉದುರುತ್ತದೆ. ಎಲ್‌ಇಡಿಯ ಶಾಖ ಬೆನ್ನಿನ ಕಡೆ ಹೋಗುತ್ತದೆ, ಮುಂದಿನ ಗಾಜು ತಣ್ಣಗೆ, ಕೆಸರು ಅಂಟಿಕೊಂಡೇ ಇರುತ್ತದೆ. ಬಾಗಿಲ ಚೀಲದಲ್ಲಿ ಒದ್ದೆ ಬಟ್ಟೆಯೊಂದು ಇರಲಿ. ಒಣ ಬಟ್ಟೆಯಿಂದ ಉಜ್ಜಿದರೆ ಪಾಲಿಕಾರ್ಬನೇಟ್ ಲೆನ್ಸ್ ಗೀಚಿ ಮಬ್ಬಾಗುತ್ತದೆ.

ತಿರುವಿನ ಒಳಮಗ್ಗುಲಿಗೆ ಬೇಕಾದದ್ದು ಬೇರೆಯೇ ಜಾಗ. ವಿಂಡ್‌ಶೀಲ್ಡ್ ಕಂಬದ ಬುಡ, ಬಾನೆಟ್ ಮುಗಿಯುವ ಮೂಲೆ. ಅಲ್ಲಿ ಇರುವ ಬೋಲ್ಟ್‌ಗಳಿಗೆ ಕೂರುವ ರೆಡಿಮೇಡ್ ಬ್ರಾಕೆಟ್ ಸಿಗುತ್ತದೆ, ಮೂರು ಇಂಚಿನ ಚೌಕ ದೀಪ ಸಾಕು. ಮ್ಯಾಗ್ನೆಟ್ ಬೇಸಿನಲ್ಲಿ ಇಟ್ಟು ಕೋನ ಹುಡುಕಿದಾಗ ಆದ ಅನುಭವ ಹೀಗೆ: 15 ಡಿಗ್ರಿ ಹೊರಕ್ಕೆ ತಿರುಗಿಸಿದರೆ ಹೆಡ್‌ಲೈಟ್ ಬೆಳಗಿದ್ದನ್ನೇ ಬೆಳಗುತ್ತದೆ, 60 ಡಿಗ್ರಿಗೆ ಹೋದರೆ ಪಕ್ಕದ ಕಾಫಿ ಗಿಡವಷ್ಟೇ ಹೊಳೆದು ಕಣ್ಣು ಅತ್ತ ಎಳೆಯುತ್ತದೆ. ಎಡಕ್ಕೆ 40 ಡಿಗ್ರಿ, ಬಲಕ್ಕೆ 30 ಡಿಗ್ರಿಯಲ್ಲಿ ಗೋಣಿಚೀಲ ತಿರುವಿಗೆ ಮುಂಚೆಯೇ ಕಂಡಿತು. ಎಡ ಬಲಕ್ಕೆ ಒಂದೇ ಕೋನ ಬೇಡವೆಂದದ್ದು ಏಕೆಂದರೆ ನಾವು ಕೂರುವುದು ಬಲಕ್ಕೆ. ಬಲ ಕಂಬದ ದೀಪ ಕಣ್ಣಿಗೆ ಹತ್ತಿರವಿದ್ದು, ಹೆಚ್ಚು ಹೊರಳಿಸಿದಷ್ಟೂ ಅದರ ಬದಿಯ ಹೊಳಪು ಕಂಬದ ಪಕ್ಕದಿಂದ ಇಣುಕುತ್ತದೆ. ದೀಪದ ಒಳಬದಿಗೆ, ಡ್ರೈವರ್ ಕಡೆಗೆ, ಒಂದು ಇಂಚಿನ ಕಪ್ಪು ತಗಡಿನ ಮರೆ ಸಿಕ್ಕಿಸಬೇಕು. ಬಾನೆಟ್ ಅಂಚು ಹೊಳೆಯದಷ್ಟು ಮುಂದಕ್ಕೂ ಹೊರಕ್ಕೂ ಇಡಬೇಕು. ಪಕ್ಕದ ಕನ್ನಡಿಯಲ್ಲಿ ಅದರ ಪ್ರತಿಬಿಂಬ ಕಾಣುತ್ತದೆಯೇ ಎಂದು ಕನ್ನಡಿ ಪೂರ್ತಿ ತೆರೆದು ನೋಡಬೇಕು.

ಈ ಬದಿ ದೀಪದ ಬೆಲೆ ಆಲೂರು, ಸಕಲೇಶಪುರದ ತೋಟಗಳಲ್ಲಿ ಇರುವವರಿಗೆ ಗೊತ್ತಾಗುತ್ತದೆ. ಅಲ್ಲಿ ತಿರುವಿನಾಚೆ ಆನೆ ನಿಂತಿರಬಹುದು. ಒದ್ದೆ ಆನೆಯ ಮೈ ಬೆಳಕನ್ನು ಹೀರುತ್ತದೆ, ಹೆಡ್‌ಲೈಟ್ ಅದರತ್ತ ತಿರುಗುವ ಹೊತ್ತಿಗೆ ಗಾಡಿ ತೀರ ಹತ್ತಿರ ಹೋಗಿರುತ್ತದೆ. ಹತ್ತಿಪ್ಪತ್ತು ಮೀಟರ್ ಮೊದಲೇ ಕಂಡರೆ ನಿಂತು ಹಿಂದೆ ಸರಿಯಲು ಸಮಯ ಸಿಗುತ್ತದೆ. ಕಂಡ ಮೇಲೆ ಬದಿ ದೀಪ ಆರಿಸಬೇಕು. ಪ್ರಾಣಿಯ ಮುಖಕ್ಕೆ ಬೆಳಕು ಬಿಟ್ಟು ನಿಲ್ಲುವುದು ಅದಕ್ಕೂ ನಮಗೂ ಕೇಡು.

ದೂರ ಎಸೆಯುವ ಸ್ಪಾಟ್ ದೀಪಗಳನ್ನು ಪರೀಕ್ಷಿಸಿ ಬಿಟ್ಟೆವು. ಕೆಲವೇ ಮೀಟರಿಗೊಂದು ತಿರುವಿರುವ ರಸ್ತೆಯಲ್ಲಿ ಅದು ಎದುರಿನ ದರೆಯನ್ನೋ ಮರವನ್ನೋ ಸುಡುವಂತೆ ಬೆಳಗುತ್ತದೆ, ಅಷ್ಟೆ. ಇಲ್ಲಿನ ವೇಗಕ್ಕೆ ಎಷ್ಟು ದೂರ ಕಾಣಬೇಕು ಎಂದೂ ಲೆಕ್ಕ ಹಾಕಬಹುದು. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ 7 ಮೀಟರ್. ಬ್ರೇಕ್ ಒತ್ತುವ ಮೊದಲಿನ ಒಂದೂವರೆ ಸೆಕೆಂಡಿಗೆ 10 ಮೀಟರ್, ಒದ್ದೆ ಮಣ್ಣಿನಲ್ಲಿ ನಿಲ್ಲಲು 8ರಿಂದ 9 ಮೀಟರ್. ಒಟ್ಟು 19 ಮೀಟರ್. 30 ಮೀಟರ್ ಚೆನ್ನಾಗಿ ಕಂಡರೆ ಆಯಿತು. ಬಯಲುಸೀಮೆಯ ನೇರ ರಸ್ತೆಯವರ ಲೆಕ್ಕ ಬೇರೆ.

ಫಾಗ್ ಲ್ಯಾಂಪಿನ ಗುರಿ ಹಿಡಿದದ್ದು ಆ 30 ಮೀಟರಿಗೇ. ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ, ಗೋಡೆಯ ಮೇಲೆ 40 ಸೆಂ.ಮೀ. ಎತ್ತರಕ್ಕೆ ಟೇಪ್ ಅಂಟಿಸಿ, ಬೆಳಕಿನ ಮೇಲಂಚು ಆ ಟೇಪಿಗೆ ಕೂರುವಂತೆ ತಿರುಪು ಬಿಗಿಯಬೇಕು. 60ರಿಂದ 40ಕ್ಕೆ ಇಳಿದದ್ದು 10 ಮೀಟರಿಗೆ 20 ಸೆಂ.ಮೀ., ಅದೇ ಶೇ. 2. ಮೂಟೆ ಹೇರಿ ಗಾಡಿಯ ಹಿಂಭಾಗ ಕುಸಿದರೆ ಮೂತಿ ಎದ್ದು ಈ ಲೆಕ್ಕ ತಪ್ಪುತ್ತದೆ. ಕಾಫಿ ಕುಯ್ಲಿನ ಕಾಲದಲ್ಲಿ ಮೂಟೆ ಸಾಗಿಸುವವರು ಭಾರ ಹಾಕಿಯೇ ಗುರಿ ಹಿಡಿಯಲಿ. ತೀರ ಕೆಳಗೆ ಬಾಗಿಸುವುದೂ ತಪ್ಪು. ಬಂಪರ್ ಮುಂದಿನ ನಾಲ್ಕೈದು ಮೀಟರ್ ಬೆಳ್ಳಗೆ ಉರಿದರೆ ಕಣ್ಣು ಆ ಬೆಳಕಿಗೆ ಒಗ್ಗಿ ಅದರಾಚೆಗೆ ಕುರುಡಾಗುತ್ತದೆ.

ವೈರಿಂಗ್ ಚಿಕ್ಕ ಕೆಲಸ, ಆದರೆ ಗಾಡಿ ಸುಟ್ಟರೆ ಸುಡುವುದು ಇಲ್ಲಿಂದಲೇ. ಒಂದು ಜೋಡಿಗೆ 100 ವ್ಯಾಟ್ ಎಂದರೆ 13.8 ವೋಲ್ಟಿನಲ್ಲಿ 7.2 ಆಂಪಿಯರ್. ಪೆಟ್ಟಿಗೆ ಮೇಲಿನ ವ್ಯಾಟನ್ನು ನಂಬದೆ ಕ್ಲ್ಯಾಂಪ್ ಮೀಟರಿನಲ್ಲಿ ಅಳೆಯಿರಿ, ಅಲ್ಲಿ ಬರೆದಷ್ಟು ಎಳೆಯದ ಬಾರ್‌ಗಳು ಬಹಳ. 3 ಮೀಟರ್ ಹೋಗಿ 3 ಮೀಟರ್ ಬರುವ ದಾರಿಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಹಾಕಿದರೆ 0.3 ವೋಲ್ಟ್ ನಷ್ಟ. 1 ಚದರ ಮಿ.ಮೀ. ವೈರಿನಲ್ಲಿ ಅದು 0.8 ವೋಲ್ಟ್, ಜೊತೆಗೆ ಬಿಸಿ. 15 ಆಂಪಿಯರ್ ಫ್ಯೂಸ್ ಬ್ಯಾಟರಿ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಫ್ಯೂಸಿಗಿಂತ ಮೊದಲಿನ ವೈರಿಗೆ ರಕ್ಷಣೆ ಇಲ್ಲ. 12 ವೋಲ್ಟಿನ 40 ಆಂಪಿಯರ್ ನಾಲ್ಕು ಕಾಲಿನ ರಿಲೇಯಲ್ಲಿ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) 30 ಎಂದು ಬರೆದ ಕಾಲಿಗೆ ಫ್ಯೂಸಿನಿಂದ ಬಂದ ಕರೆಂಟ್, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್, 85 ಅರ್ಥ್‌ಗೆ. ಬದಿ ದೀಪಗಳ ಸ್ವಿಚ್ಚಿಗೆ ಕರೆಂಟ್ ತೆಗೆದುಕೊಂಡದ್ದು ಹೈ ಬೀಮ್‌ನಿಂದ. ಎದುರು ಗಾಡಿ ಕಂಡು ಡಿಪ್ ಮಾಡಿದರೆ ಅವೂ ತಾವಾಗಿ ಆರುತ್ತವೆ, ಬೇರೆ ಸ್ವಿಚ್ ಹುಡುಕುವ ಗಡಿಬಿಡಿ ಇಲ್ಲ. ಫಾಗ್ ಲ್ಯಾಂಪಿಗೆ ಪಾರ್ಕಿಂಗ್ ಲೈಟಿನಿಂದ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟನ್ನು ಅರ್ಥ್ ಬದಿಯಿಂದ ಆನ್ ಆಫ್ ಮಾಡುತ್ತಾರೆ, ಹಾಗಾಗಿ ಯಾವ ವೈರ್ ಯಾವಾಗ ಜೀವಂತ ಎಂದು ಮಲ್ಟಿಮೀಟರಿನಲ್ಲಿ ನೋಡದೆ ಕೈ ಹಾಕಬೇಡಿ. ಕಂಪನಿಯ ಹಾರ್ನೆಸ್ (ವೈರುಗಳ ಕಟ್ಟು) ಕತ್ತರಿಸಿದರೆ ವಾರಂಟಿಯ ಮಾತು ಮುಗಿಯಿತು. ದೀಪದ ಅರ್ಥ್ ಬಣ್ಣದ ಮೇಲೆ ಕೂತರೆ ಮಿಣುಕುತ್ತದೆ, ಬಣ್ಣ ಕೆರೆದರೆ ತುಕ್ಕು. ಮೈನಸ್ ವೈರನ್ನೂ ಬ್ಯಾಟರಿಗೇ ಎಳೆದದ್ದು ಅದಕ್ಕೆ. ಪ್ರತಿ ದೀಪದ ಹತ್ತಿರ ರಬ್ಬರ್ ಸೀಲ್ ಇರುವ ಕನೆಕ್ಟರ್, ಅದಕ್ಕೆ ಮೊದಲು ವೈರ್ ಸ್ವಲ್ಪ ಕೆಳಗೆ ಬಾಗಿ ಮೇಲೇರಬೇಕು. ಆಗ ಹರಿದು ಬಂದ ನೀರು ಕನೆಕ್ಟರಿಗೆ ಹೋಗದೆ ಬಾಗಿದ ಕಡೆಯೇ ತೊಟ್ಟಿಕ್ಕುತ್ತದೆ.

ಹಿಂದಕ್ಕೆ ಒಂದೇ ದೀಪ. ಥಾರ್‌ನ ಬಾಗಿಲಿನಲ್ಲಿ ಸ್ಟೆಪ್ನಿ ಇರುವುದರಿಂದ ಅದರ ಹಿಂದೆ ಇಟ್ಟ ಬೆಳಕು ನೆರಳಲ್ಲೇ ಉಳಿಯುತ್ತದೆ. ಹಿಂಬಂಪರಿನ ಎಡ ಮೇಲಂಚು ಸರಿಹೋಯಿತು. ಅಗಲವಾಗಿ ಹರಡುವ ಸಣ್ಣ ದೀಪ, ರಿವರ್ಸ್ ಗೇರಿಗೆ ಮಾತ್ರ ಉರಿಯುವಂತೆ.

ಮೊದಲ 200 ಕಿ.ಮೀ. ತೋಟದ ರಸ್ತೆ ಓಡಿದ ಮೇಲೆ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಬೇಕು, ಹೊಸ ಬ್ರಾಕೆಟ್ ಕೂತು ಒಂದಿಷ್ಟು ಸಡಿಲವಾಗಿರುತ್ತದೆ. ಬಿಗಿದ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೆ ಪೇಂಟ್ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಮುಂದೆ ಸಡಿಲವಾದದ್ದು ನೋಡಿದ ಕೂಡಲೇ ತಿಳಿಯುತ್ತದೆ. ಮಳೆಗಾಲದ ಮೊದಲು ಕನೆಕ್ಟರ್ ಬಿಚ್ಚಿ ಹಸಿರುಗಟ್ಟಿದೆಯೇ ಎಂದು ನೋಡಿ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು, ಗೋಡೆಯ ಮುಂದೆ ಇನ್ನೊಮ್ಮೆ ಗುರಿ ಹಿಡಿಯಬೇಕು. ತೋಟದ ಗೇಟು ದಾಟಿ ಡಾಂಬರು ರಸ್ತೆಗೆ ಬರುವ ಮೊದಲು ಬದಿ ದೀಪಗಳಿಗೆ ಕಪ್ಪು ಮುಚ್ಚಳ ಹಾಕುತ್ತೇವೆ. ಮುಚ್ಚಳ ಕಳೆಯದಂತೆ ಅದಕ್ಕೆ ಸಣ್ಣ ದಾರ ಕಟ್ಟಿ ಬ್ರಾಕೆಟ್ಟಿಗೇ ಗಂಟು ಹಾಕಿದೆ.